ತಪ್ಪು ಉತ್ತರಕ್ಕೆ ಹದಿನೈದು ನಿಮಿಷ ಕೊಡಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಗಣಿತದ ಮೇಷ್ಟ್ರು. ಮಕ್ಕಳಿಗೆ ಗಣಿತದಲ್ಲಿ ಆಸಕ್ತಿ ಯಾಕಿಲ್ಲ ಅಂತ ಸಭೆಗಳಲ್ಲಿ ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಆಮೇಲೆ ಹೊಸ ಕಿಟ್ ಬರುತ್ತದೆ, ಹೊಸ ಆ್ಯಪ್ ಬರುತ್ತದೆ. ಅವು ಬೇಡ ಅನ್ನುತ್ತಿಲ್ಲ. ಆದರೆ ಆಸಕ್ತಿ ಚಿಗುರುವುದನ್ನೂ ಬಾಡುವುದನ್ನೂ ನಾನು ಜಾಸ್ತಿ ನೋಡಿದ್ದು, ಮಗು ತಪ್ಪು ಉತ್ತರ ಹೇಳಿದ ಮೇಲಿನ ಸ್ವಲ್ಪ ಹೊತ್ತಿನಲ್ಲಿ.

1/2ಕ್ಕೆ 1/3 ಕೂಡಿಸು ಅಂದರೆ 2/5 ಅನ್ನುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. "ತಪ್ಪು, ಛೇದ ಸಮ ಮಾಡು" ಅಂತ ಹೇಳಿ ಮುಂದೆ ಹೋಗಲು ಅರ್ಧ ನಿಮಿಷ ಸಾಕು. ಅದರ ಬದಲು "2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?" ಅಂತ ಕೇಳಿ ನೋಡಿ. ಮಗು ಯೋಚಿಸಿ, ಕಡಿಮೆ ಅನ್ನುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ್ದೀವಿ, ಅಲ್ವಾ? ಮತ್ತೆ ಕಡಿಮೆ ಹೇಗಾಯಿತು? ಆಗ ಇಡೀ ತರಗತಿಗೆ ಎಚ್ಚರವಾಗುತ್ತದೆ. ಒಬ್ಬಳು ಚಿತ್ರ ಬರೆಯುತ್ತಾಳೆ. ಇನ್ನೊಬ್ಬ ಹಾಗಲ್ಲ ಅಂತ ವಾದಕ್ಕೆ ನಿಲ್ಲುತ್ತಾನೆ. ಆರು ಸಮ ಭಾಗ ಮಾಡಿದರೆ ಎರಡೂ ಸರಿಯಾಗಿ ಕೂರುತ್ತವೆ ಅನ್ನುವುದು ಅವರ ಬಾಯಿಂದಲೇ ಬರುತ್ತದೆ.

ಇದಕ್ಕೆ ಹದಿನೈದು ನಿಮಿಷ ಬೇಕು. ತಿಂಗಳಿಗಿಷ್ಟು ಪಾಠ ಮುಗಿಸಲೇಬೇಕು ಅನ್ನುವಾಗ ಆ ಹದಿನೈದು ನಿಮಿಷ ಎಲ್ಲಿಂದ ತರಲಿ? ಎಷ್ಟೋ ಸಲ ನಾನೂ ಅರ್ಧ ನಿಮಿಷದ ದಾರಿಯನ್ನೇ ಹಿಡಿದಿದ್ದೇನೆ. ಹಾಗೆ ಸುಮ್ಮನಾದ ಕೆಲವು ಮಕ್ಕಳು ಆ ವರ್ಷ ಮತ್ತೆ ಕೈ ಎತ್ತಲಿಲ್ಲ. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಮರ್ಯಮ್ ಮಿರ್ಜಾಖಾನಿ ಅವರ ವಿಷಯ ನಿಮಗೆ ಗೊತ್ತಿರಬಹುದು. ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದ ಇರಾನಿನ ಗಣಿತಜ್ಞೆ, ಆ ಪದಕ ಪಡೆದ ಮೊದಲ ಮಹಿಳೆ. ಮಾಧ್ಯಮಿಕ ಶಾಲೆಯಲ್ಲಿ ಒಂದು ವರ್ಷ ಅವರಿಗೂ ಗಣಿತದ ಮೇಲೆ ಮನಸ್ಸೇ ಹೋಗಿತ್ತು. ಈ ಹುಡುಗಿಗೆ ಅಂಥ ಪ್ರತಿಭೆಯೇನೂ ಇಲ್ಲ ಅಂತ ಆಗಿನ ಗಣಿತದ ಟೀಚರ್‌ಗೆ ಅನಿಸಿತ್ತು. ಮುಂದಿನ ವರ್ಷ ಹುರಿದುಂಬಿಸುವ ಟೀಚರ್ ಸಿಕ್ಕರು, ಕಳೆದ ಆಸಕ್ತಿ ಮರಳಿತು. ಹುಡುಗಿ ಅದೇ, ಗಣಿತವೂ ಅದೇ.

ಹಲವು ದೇಶಗಳ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಸಮೀಕ್ಷೆಯಲ್ಲಿ, 2012ರಲ್ಲಿ, ಒಇಸಿಡಿ ಅನ್ನುವ, ಬಹುತೇಕ ಶ್ರೀಮಂತ ದೇಶಗಳ ಒಕ್ಕೂಟದ 15 ವರ್ಷದ ಮಕ್ಕಳಲ್ಲಿ ಸುಮಾರು ಶೇ 30ರಷ್ಟು ಜನ ಲೆಕ್ಕ ಬಿಡಿಸುವಾಗ ಏನೂ ತೋಚದೆ ಅಸಹಾಯಕರಾಗುತ್ತೇವೆ ಅಂದಿದ್ದರು. ಭಯ ಬಂದಾಗ, ಲೆಕ್ಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗವನ್ನೇ ಅದು ತುಂಬಿಬಿಡುತ್ತದೆ. ಗೊತ್ತಿದ್ದ ಮಗ್ಗಿಯೂ ಆಗ ಕೈಕೊಡುತ್ತದೆ. ಗಡಿಯಾರ ಹಿಡಿದು ನಿಮಿಷಕ್ಕೆ ಇಷ್ಟು ಲೆಕ್ಕ ಅಂತ ಚಿಕ್ಕ ಮಕ್ಕಳನ್ನು ಓಡಿಸುವುದನ್ನು ದಯವಿಟ್ಟು ನಿಲ್ಲಿಸಿ. ನಿಧಾನವಾಗಿ ಯೋಚಿಸುವ ಮಗುವಿಗೆ "ನನಗೆ ಗಣಿತ ಬರಲ್ಲ" ಅನಿಸುವುದು ಅಲ್ಲಿಯೇ.

ಆ ಭಯ ನಮ್ಮಿಂದಲೂ ಅಂಟುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 1 ಮತ್ತು 2ನೇ ತರಗತಿಯ 17 ಶಿಕ್ಷಕಿಯರನ್ನು ಗಮನಿಸಿತ್ತು. ಗಣಿತದ ಭಯ ಜಾಸ್ತಿ ಇದ್ದ ಶಿಕ್ಷಕಿಯರ ತರಗತಿಯಲ್ಲಿ, ಗಣಿತ ಹುಡುಗರಿಗೆ, ಓದು ಹುಡುಗಿಯರಿಗೆ ಅಂತ ನಂಬುವ ಹುಡುಗಿಯರು ವರ್ಷದ ಕೊನೆಗೆ ಜಾಸ್ತಿ ಕಂಡರು. ಹಾಗೆ ನಂಬಿದವರ ಗಣಿತದ ಸಾಧನೆಯೂ ಕಡಿಮೆಯಿತ್ತು. ಚಿಕ್ಕ ಅಧ್ಯಯನವೇ, ಆದರೂ ನನ್ನನ್ನು ತುಂಬಾ ಕಾಡಿತು. ಇದರಲ್ಲಿ ಶಿಕ್ಷಕಿಯರನ್ನು ದೂರುವಂಥದ್ದೇನಿದೆ? ಅವರೂ ಹಿಂದೊಮ್ಮೆ ಹೆದರಿದ ಮಕ್ಕಳೇ. ತರಬೇತಿಯಲ್ಲಿ ಫಾರಂ ತುಂಬಿಸುವುದನ್ನು ಕಡಿಮೆ ಮಾಡಿ, ಅವರಿಗೂ ಲೆಕ್ಕ ಕೊಡಿ. ತಪ್ಪು ಮಾಡಲು, ನಗಲು, ಮತ್ತೆ ಕೂತು ಬಿಡಿಸಲು ಬಿಡಿ.

ಮುಂದಿನ ಸಲ ಪಠ್ಯ ಪರಿಷ್ಕರಣೆಗೆ ಕೂತಾಗ ಪ್ರತಿ ತರಗತಿಯಿಂದ ಒಂದೆರಡು ಪಾಠ ತೆಗೆಯಿರಿ. ಯಾವುದನ್ನು ತೆಗೆಯಬೇಕು ಅಂತ ಚಿಕ್ಕ ಮಕ್ಕಳಿಗೆ ದಿನಾ ಪಾಠ ಮಾಡುವವರನ್ನು ಕೇಳಿ. ಕರೆದರೆ ನಾನೂ ಬರುತ್ತೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕ