ಕಪ್ಪನ್ನು ಕೆರೆದು ಮಾಡಿದ ಚಿತ್ರ

ಡರ್ಬಿ, ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮ, ಅಗಸೆ ಚಟ್ನಿಪುಡಿ ಮುಗೀತು. ಈ ಕಡೆ ಬರೋರು ಯಾರಾದರೂ ಇದ್ದರೆ ಕಳಿಸು.

ಅಪ್ಪ, ಉಳಿದದ್ದೆಲ್ಲ ನಿಮಗೆ. ಪ್ರೆಸ್ ಮುಚ್ಚಿದ ಮೇಲೂ ಮದುವೆ ಪತ್ರಿಕೆ ಬಂದರೆ ಹೆಸರು ಓದೋ ಮೊದಲು ಹಿಂದೆ ತಿರುಗಿಸಿ ಅಚ್ಚಿನ ಒತ್ತು ನೋಡೋರು ನೀವು. ನನಗೆ ಈಗ ಮೆಝೊಟಿಂಟ್ ಹುಚ್ಚು ಹಿಡಿದಿದೆ, ಅದು ಲೋಹದ ತಗಡಿನಿಂದ ಚಿತ್ರ ಅಚ್ಚು ಹಾಕೋ ಹಳೇ ವಿದ್ಯೆ. ನಿಮಗಲ್ಲದೆ ಯಾರಿಗೆ ಹೇಳಲಿ?

ನಮ್ಮ ಪ್ರೆಸ್ಸಿನಲ್ಲಿ ಅಚ್ಚುಮೊಳೆಯ ಉಬ್ಬಿದ ಮುಖಕ್ಕೆ ಶಾಯಿ ಹತ್ತುತ್ತಿತ್ತು. ಬಿಳಿ ಜಾಗಕ್ಕೆ ಯಾರೂ ಕಷ್ಟಪಡಬೇಕಿರಲಿಲ್ಲ, ಅಲ್ವಾ? ಇಲ್ಲಿ ಪೂರ್ತಿ ಉಲ್ಟಾ. ತಾಮ್ರದ ತಗಡು ತಗೋತಾರೆ. ರಾಕರ್ ಅಂತ ಒಂದು ಸಾಧನ, ಬಾಗಿದ ಅಂಚಿನ ತುಂಬ ಸಣ್ಣ ಹಲ್ಲುಗಳು. ಅದನ್ನು ತಗಡಿನ ಮೇಲೆ ಆ ಕಡೆ ಈ ಕಡೆ ತೂಗುತ್ತಾ ಸಾಗಬೇಕು. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಮತ್ತೆ ಮತ್ತೆ. ಬೇಸರದ ಕೆಲಸ, ಹಾಗಾಗಿ ಕಲಿಯೋ ಹುಡುಗರ ಪಾಲಿಗೆ ಬೀಳುತ್ತಿತ್ತು. ಕೊನೆಗೆ ತಗಡಿನ ಮೈಯೆಲ್ಲ ಗುಳಿ, ಗುಳಿಯ ಪಕ್ಕದಲ್ಲಿ ಎದ್ದ ತಾಮ್ರದ ಮುಳ್ಳು. ಆಗ ಶಾಯಿ ತುಂಬಿ ಒತ್ತಿದರೆ ಕಾಗದ ಮಖಮಲ್ಲಿನ ಹಾಗೆ ದಟ್ಟ ಕಪ್ಪು.

ಚಿತ್ರ ಶುರುವಾಗೋದು ಆಮೇಲೆ. ಬೆಳಕು ಬೇಕಾದ ಕಡೆ ಮುಳ್ಳನ್ನು ಕೆರೆಯುತ್ತಾರೆ. ಸ್ವಲ್ಪ ಕೆರೆದರೆ ಬೂದು. ಪೂರ್ತಿ ಕೆರೆದು, ಉಜ್ಜಿ ನುಣುಪು ಮಾಡಿದರೆ ಅಲ್ಲಿ ಶಾಯಿ ನಿಲ್ಲುವುದಿಲ್ಲ, ಬಿಳಿ. ಗೆರೆ ಇಲ್ಲ. ಫೋಟೋ ಅಚ್ಚು ಹಾಕೋ ನಿಮ್ಮ ಹಾಫ್‌ಟೋನ್ ಬ್ಲಾಕಿನ ಚುಕ್ಕಿಯೂ ಇಲ್ಲ.

ಇದನ್ನು ಮೊದಲು ಮಾಡಿದವನು ಇಂಗ್ಲೆಂಡಿನವನಲ್ಲ. ಲುಡ್ವಿಗ್ ಫಾನ್ ಸೀಗನ್ ಅನ್ನೋ ಜರ್ಮನ್, 1642ರಲ್ಲಿ. ಇಂಗ್ಲೆಂಡಿಗೆ ತಂದವನು ರಾಜಕುಮಾರ ರೂಪರ್ಟ್, ರಾಜ ಒಂದನೇ ಚಾರ್ಲ್ಸ್‌ನ ಅಕ್ಕನ ಮಗ. ಯುದ್ಧ ಮಾಡಿಕೊಂಡಿದ್ದ ಮನುಷ್ಯ ತಗಡು ಕೆರೆಯುತ್ತಾ ಕೂತಿದ್ದ ಅಂದರೆ ನನಗೆ ಖುಷಿ. ಜಾನ್ ಎವೆಲಿನ್ ಅನ್ನೋ ಲೇಖಕ 1662ರಲ್ಲಿ ಈ ಹೊಸ ಅಚ್ಚಿನ ಬಗ್ಗೆ ಪುಸ್ತಕದಲ್ಲಿ ಬರೆದ, ಆದರೆ ಮಾಡೋದು ಹೇಗೆ ಅನ್ನೋದನ್ನು ಬಚ್ಚಿಟ್ಟ! ಮುಂದಿನ ನೂರು ವರ್ಷದಲ್ಲಿ ಇಲ್ಲಿಯವರು ಎಷ್ಟು ಪಳಗಿದರೆಂದರೆ ಫ್ರೆಂಚರು ಇದನ್ನು 'ಇಂಗ್ಲಿಷ್ ಪದ್ಧತಿ' ಅಂತಲೇ ಕರೆದರು. ಚಿತ್ರಕಾರ ರೆನಾಲ್ಡ್ಸ್ ದೊಡ್ಡವರ ಚಿತ್ರ ಬರೆಯೋದು, ಡಬ್ಲಿನ್‌ನ ಮೆಕಾರ್ಡೆಲ್ ಅಂಥವರು ಅದನ್ನು ಅಚ್ಚಿಗೆ ಇಳಿಸೋದು, ಅಂಗಡಿಯಲ್ಲಿ ಮಾರಾಟ. ಒಳ್ಳೇ ವ್ಯಾಪಾರ. ನಮ್ಮ ಕಡೆಯದೂ ಸಿಗುತ್ತೆ: ಲಖನೌದ ಕೋಳಿ ಪಂದ್ಯವನ್ನು ಜೋಫನಿ ಬಣ್ಣದಲ್ಲಿ ಬರೆದಿದ್ದ, ಅರ್ಲಮ್ 1792ರಲ್ಲಿ ಮೆಝೊಟಿಂಟ್ ಮಾಡಿದ.

ಆದರೆ ನನ್ನ ಮನಸ್ಸು ನಿಂತಿರೋದು ಈ ಊರಿನವನೇ ಆದ ಚಿತ್ರಕಾರ ಜೋಸೆಫ್ ರೈಟ್ ಮೇಲೆ. ಅವನ ಒಂದು ಚಿತ್ರದಲ್ಲಿ ಗ್ರಹಗಳು ಸುತ್ತುವ ಯಂತ್ರ ಇಟ್ಟುಕೊಂಡು ಒಬ್ಬ ಪಾಠ ಹೇಳುತ್ತಿದ್ದಾನೆ. ಸೂರ್ಯನ ಜಾಗದಲ್ಲಿ ದೀಪ. ಆ ದೀಪ ನಮಗೆ ಕಾಣಲ್ಲ, ಮುಂದೆ ನಿಂತ ಹುಡುಗ ಮರೆ ಮಾಡಿದ್ದಾನೆ. ಬೆಳಕು ಸುತ್ತಲಿನ ಮುಖಗಳ ಮೇಲೆ ಮಾತ್ರ. ಬಣ್ಣದ ಚಿತ್ರ ಇಲ್ಲಿನ ಮ್ಯೂಸಿಯಂನಲ್ಲಿದೆ. ವಿಲಿಯಂ ಪೆದರ್ 1768ರಲ್ಲಿ ಅದರ ಮೆಝೊಟಿಂಟ್ ಮಾಡಿದ. ನನ್ನನ್ನು ಕೇಳಿದರೆ ಅಚ್ಚೇ ಮೇಲು. ರಾತ್ರಿ, ದೀಪ, ಕತ್ತಲ ಕೋಣೆ ಇದ್ದರೆ ಈ ವಿದ್ಯೆಗೆ ಅರ್ಧ ಕೆಲಸ ಆದ ಹಾಗೆ. ಕತ್ತಲು ತಗಡಿನಲ್ಲಿ ಮೊದಲೇ ಇದೆಯಲ್ಲ.

ಒಂದೇ ಕಷ್ಟ. ಪ್ರೆಸ್ಸಿನ ಒತ್ತಿಗೆ ಆ ಮುಳ್ಳುಗಳು ಬೇಗ ಮಲಗಿಬಿಡುತ್ತವೆ. ಚೆನ್ನಾಗಿ ಬರೋದು ಮೊದಲಿನ ಪ್ರತಿಗಳು ಮಾತ್ರ, ಆಮೇಲಿನವು ಮಂಕು. ಹಾಗಾಗಿ ಮೊದಲ ಪ್ರೂಫ್‌ಗಳಿಗೆ ಜಾಸ್ತಿ ಬೆಲೆ. ನೀವು ಪ್ರೂಫ್ ತಿದ್ದಿ ಬುಟ್ಟಿಗೆ ಎಸೆಯುತ್ತಿದ್ದಿರಿ! 1820ರ ದಶಕದಲ್ಲಿ ಥಾಮಸ್ ಲಪ್ಟನ್ ತಾಮ್ರದ ಬದಲು ಉಕ್ಕಿನ ತಗಡು ಬಳಸಿದ. ಪ್ರತಿಗಳ ಸಂಖ್ಯೆ ಏರಿತು, ಆದರೆ ನನ್ನ ಕಣ್ಣಿಗೆ ಆ ಕಪ್ಪು ಸ್ವಲ್ಪ ತೆಳು. ಆಮೇಲೆ ಫೋಟೋ ಬಂತು, ವ್ಯಾಪಾರ ಬಿತ್ತು.

ನಿಮ್ಮ ಪಾಸ್‌ಪೋರ್ಟ್ ಎಲ್ಲಿಗೆ ಬಂತು? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮೊದಲೇ ಹೇಳಿಟ್ಟರೆ ಇಂಥ ಅಚ್ಚುಗಳನ್ನು ಹೊರಗೆ ತೆಗೆದು ತೋರಿಸುತ್ತಾರೆ. ದುಡ್ಡಿಲ್ಲ. ಬರುವಾಗ ನಿಮ್ಮ ಭೂತಗಾಜು ಮರೆಯದೆ ತನ್ನಿ.

ನಿಮ್ಮ ಮಗಳು