ಪಾತ್ರೆಯ ಚೂರಿಗೆ ಕಾಲ ನಿರ್ಧರಿಸುವ ಮುನ್ನ: ಪುಟ್ಟಿಗೆ ದೊಡ್ಡಮ್ಮನ ಪತ್ರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರು. ಇಂಗ್ಲೆಂಡಿನ ಹೊಲಗಳಲ್ಲಿ ಸಿಕ್ಕುವ ಹಳೇ ವಸ್ತುಗಳನ್ನು ದಾಖಲಿಸುವ ಕೆಲಸಕ್ಕೆ ಸೇರಿದ್ದೀಯ ಅಂತ ಓದಿ ಖುಷಿಯಾಯಿತು. ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವವರು ತಂದು ಸುರಿಯುವ ರಾಶಿಯಲ್ಲಿ ಅಡುಗೆ ಪಾತ್ರೆಯ ಚೂರು ಯಾವುದು, ಅದರ ಕಾಲ ಹೇಳುವುದು ಹೇಗೆ ಅಂತ ಕೇಳಿದ್ದೀಯ. ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವಳು ನಾನು, ಪತ್ರ ಉದ್ದವಾದರೆ ಸಹಿಸಿಕೋ.

ನೀನು ಕಳಿಸಿದ ಕರಡು ದಾಖಲೆ ನೋಡಿದೆ. ಮೊದಲನೇ ಸಾಲಿನಲ್ಲೇ "13ನೇ ಶತಮಾನದ ಕಾಲ್ಡ್ರನ್ನಿನ ಕಾಲು" ಎಂದು, ಅಂದರೆ ಅಡುಗೆ ಕೊಪ್ಪರಿಗೆಯ ಕಾಲು ಎಂದು, ಬರೆದುಬಿಟ್ಟಿದ್ದೀಯ. ಆಮೇಲೆ ಅಳತೆ, ಕೊನೆಗೆ ವರ್ಣನೆ. ಇದು ತಲೆಕೆಳಗಾಗಿದೆ ಮಗಳೇ. ಕಾಲ ಕೊನೆಗೆ ಬರಬೇಕಾದದ್ದು. ಮೊದಲು ಇದನ್ನು ಮಾಡಿದ್ದು ಹೇಗೆ ಅಂತ ನೋಡು: ಎರಕ ಹೊಯ್ದದ್ದೋ, ತಗಡು ಬಡಿದು ಮಾಡಿದ್ದೋ? ಆಮೇಲೆ ಪಾತ್ರೆಯ ಯಾವ ಭಾಗ, ಆಮೇಲೆ ಯಾವ ಪಾತ್ರೆ. ಇಷ್ಟು ಗಟ್ಟಿಯಾದ ಮೇಲೆ, ಉಳಿದರೆ, ಕಾಲ.

ಎರಕದ ಕಂಚಿನ ಪಾತ್ರೆಯನ್ನೇ ಮೊದಲು ತೆಗೆದುಕೊಳ್ಳೋಣ, ನಿನ್ನ ಮೇಜಿಗೆ ಹೆಚ್ಚಾಗಿ ಬರುವುದು ಅದೇ. ಮಣ್ಣಿನ ಒಳ ಅಚ್ಚು, ಅದರ ಸುತ್ತ ಎರಡು ಹೋಳಿನ ಹೊರ ಅಚ್ಚು, ನಡುವಿನ ಸಂದಿಯಲ್ಲಿ ಕರಗಿದ ಲೋಹ. ಪಾತ್ರೆಯನ್ನು ಬೋರಲಾಗಿ ಇಟ್ಟು ತಳದ ಕಡೆಯಿಂದ ಲೋಹ ಹೊಯ್ಯುತ್ತಿದ್ದರು. ಆದ್ದರಿಂದ ಹೊರ ಅಚ್ಚಿನ ಹೋಳುಗಳು ಕೂಡಿದ ಕಡೆ ಮೇಲಿನಿಂದ ಕೆಳಕ್ಕೆ ಒಂದು ಉಬ್ಬುಗೆರೆ ಉಳಿಯುತ್ತದೆ, ಹೊಯ್ದ ಜಾಗದಲ್ಲಿ ತಳದ ಹೊರಮೈ ಮೇಲೆ ಮುರಿದು ತೆಗೆದ ಒರಟು ಗಾಯ ಉಳಿಯುತ್ತದೆ. ಇನ್ನೊಂದು ಗುರುತು ನನಗೆ ತುಂಬ ಇಷ್ಟದ್ದು. ಒಳ ಅಚ್ಚು ಹೊರ ಅಚ್ಚಿಗೆ ತಾಗದಿರಲೆಂದು ಸಂದಿಯಲ್ಲಿ ಅಲ್ಲಲ್ಲಿ ಲೋಹದ ಸಣ್ಣ ಚೂರುಗಳನ್ನು ಸಿಕ್ಕಿಸುತ್ತಿದ್ದರು. ಹೊಯ್ದ ಲೋಹ ಅವುಗಳ ಸುತ್ತ ಗಟ್ಟಿಯಾಗುತ್ತದೆ, ಆದರೆ ಪೂರ್ತಿ ಬೆರೆಯುವುದಿಲ್ಲ. ಹೊಟ್ಟೆಯ ಚೂರನ್ನು ಓರೆ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡು. ಉಗುರಿನಗಲದ ಒಂದು ಚೌಕ, ಸುತ್ತಲಿನ ಕಿಲುಬಿಗಿಂತ ಬೇರೆ ಬಣ್ಣದ್ದು, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಕೆಲವೊಮ್ಮೆ ಚೌಕ ಉದುರಿಹೋಗಿ ತೂತು ಮಾತ್ರ ಇರುತ್ತದೆ. ತಂದವರು ಅದನ್ನು ರಿವೆಟ್ಟಿನ (ತಗಡು ಕೂಡಿಸಲು ಹೊಡೆಯುವ ಮೊಳೆಯ) ತೂತು ಎನ್ನುತ್ತಾರೆ, ತಲೆ ಆಡಿಸಬೇಡ. ರಿವೆಟ್ಟಿನ ತೂತು ಗುಂಡಗಿರುತ್ತದೆ, ಅಂಚಿನಲ್ಲಿ ಕೊರೆದ ಅಥವಾ ಗುದ್ದಿದ ಗುರುತಿರುತ್ತದೆ.

ಇನ್ನು ಕಾಲು. ಗಟ್ಟಿ ಲೋಹದ್ದಾದ್ದರಿಂದ ನೇಗಿಲಿಗೆ ಸಿಕ್ಕರೂ ಉಳಿದುಕೊಳ್ಳುತ್ತದೆ. ಕಾಲು ಕಿತ್ತು ಬರುವಾಗ ಸಾಮಾನ್ಯವಾಗಿ ಹೊಟ್ಟೆಯ ಒಂದು ತುಣುಕನ್ನೂ ಕಿತ್ತುಕೊಂಡು ಬಂದಿರುತ್ತದೆ. ಆ ತುಣುಕಿನ ಒಳಮೈ ನಯವಾಗಿ ಒಳಕ್ಕೆ ಬಾಗಿದ್ದರೆ ಅದು ಪಾತ್ರೆಯ ಕಾಲು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಕಾಲಿನ ಹೊರಮುಖದ ಮೇಲೆ ಉದ್ದುದ್ದ ಏಣುಗಳಿರಬಹುದು, ಒಂದೋ ಮೂರೋ. ಪಾದ ಅಗಲವಾಗಿ ಹರಡಿರಬಹುದು, ಪ್ರಾಣಿಯ ಪಂಜದಂತೆ ಸೀಳಿರಬಹುದು. ಅಡ್ಡಕೊಯ್ತ ತ್ರಿಕೋನವೋ ಅರ್ಧಚಂದ್ರವೋ ಬರೆದುಕೋ, ಏಣು ಎಷ್ಟು ಎಂದು ಎಣಿಸಿ ಬರೆದುಕೋ. ಆದರೆ ಇಷ್ಟರಿಂದಲೇ ಕಾಲ್ಡ್ರನ್ ಎಂದು ಹೇಳಲಾಗದು. ಗುಂಡುಹೊಟ್ಟೆಯ ಕಾಲ್ಡ್ರನ್ನಿಗೂ ಮೂರು ಕಾಲು, ಉದ್ದ ಹಿಡಿಯ ಸ್ಕಿಲೆಟ್ಟಿಗೂ ಮೂರು ಕಾಲು, ಕೈ ತೊಳೆಯುವ ನೀರಿನ ಹೂಜಿಗೂ ಎಷ್ಟೋ ಸಲ ಮೂರೇ ಕಾಲು. ಕಾಲಿನ ಗಾತ್ರ ಒಂದಿಷ್ಟು ಸುಳಿವು ಕೊಡುತ್ತದೆ, ಅಷ್ಟೇ. ಹೊರಗೆ ಮಸಿ ಅಂಟಿದ್ದರೆ ಒಲೆ ಕಂಡ ಪಾತ್ರೆ ಎನ್ನಬಹುದು. ನಿನ್ನ ದಾಖಲೆಯಲ್ಲಿ "ಮೂರು ಕಾಲಿನ ಎರಕದ ಪಾತ್ರೆಯ ಕಾಲು, ಬಹುಶಃ ಕಾಲ್ಡ್ರನ್ ಅಥವಾ ಸ್ಕಿಲೆಟ್" ಅಂತ ಬರೆದರೆ ಯಾರೂ ನಿನ್ನನ್ನು ಕಡಿಮೆ ಅಂದಾಜು ಮಾಡುವುದಿಲ್ಲ. "ಬಹುಶಃ" ಬರೆಯಲು ನಾಚಿಕೊಳ್ಳುವವರ ದಾಖಲೆಗಳನ್ನು ತಿದ್ದುವುದರಲ್ಲೇ ನನ್ನ ಅರ್ಧ ಆಯಸ್ಸು ಹೋಯಿತು.

ಕಂಠದ ಚೂರು ಸಿಕ್ಕರೆ ಅದೃಷ್ಟ. ಹೊರಕ್ಕೆ ಬಾಗಿದ ಅಂಚಿದ್ದರೆ ಒಂದರೊಳಗೊಂದು ವೃತ್ತ ಬರೆದ ಪಟದ ಮೇಲಿಟ್ಟು ಬಾಯಿಯ ವ್ಯಾಸ ಅಂದಾಜು ಮಾಡು, ಸುತ್ತಳತೆಯ ಎಷ್ಟನೇ ಪಾಲು ಉಳಿದಿದೆ ಎಂಬುದನ್ನೂ ಬರೆ. ಕಂಠದಿಂದ ಹೊಟ್ಟೆಗೆ ಮೊಣಕೈಯಂತೆ ಮಡಿಚಿಕೊಂಡ ಕಿವಿ ಸಿಕ್ಕರೆ ಕಾಲ್ಡ್ರನ್ ಎಂದು ಧೈರ್ಯವಾಗಿ ಹೇಳು. ಅಂಥ ಎರಡು ಕಿವಿಗಳಿಗೆ ಕಬ್ಬಿಣದ ಬಳೆಹಿಡಿ ಸಿಕ್ಕಿಸಿ ಬೆಂಕಿಯ ಮೇಲೆ ತೂಗುಹಾಕುತ್ತಿದ್ದರು.

ಸ್ಕಿಲೆಟ್ಟಿನ ಚಪ್ಪಟೆ ಹಿಡಿಯ ವಿಷಯವೇ ಬೇರೆ, ಅದು ಓದು ಬಲ್ಲವರಿಗೆ ಸಿಕ್ಕ ಉಡುಗೊರೆ. 17ನೇ ಶತಮಾನದಲ್ಲಿ ಸಾಮರ್ಸೆಟ್ ಪ್ರಾಂತ್ಯದ ಸೌತ್ ಪೆದರ್ಟನ್ನಿನ ಸ್ಟರ್ಟನ್ ಮನೆತನದವರು, ಮಾಂಟಕ್ಯೂಟಿನ ಫಾದರ್ಸ್ ಮನೆತನದವರು ಎರಕದ ಪಾತ್ರೆಗಳಿಗೆ ಹೆಸರುವಾಸಿ. ಆ ಕಾಲದ ಹಿಡಿಗಳ ಮೇಲೆ "ಪಾಪದ ಸಂಬಳ ಮರಣ", "ಬಡವರ ಮೇಲೆ ಕನಿಕರವಿರಲಿ" ಎಂಬಂಥ ಬುದ್ಧಿಮಾತುಗಳನ್ನು ಎರಕದಲ್ಲೇ ಮೂಡಿಸುತ್ತಿದ್ದರು. ಗಂಜಿ ಕಲಕುತ್ತಲೇ ಮರಣದ ನೆನಪು ಮಾಡಿಕೊಳ್ಳಬೇಕಿತ್ತು ಪಾಪ. ಹಿಡಿಯ ಮೇಲೆ ಇಸವಿ ಇದ್ದರಂತೂ ಸರಿಯೇ ಸರಿ. ಆದರೆ ಒಂಟಿ ಅಂಕಿ ಕಂಡ ಕೂಡಲೇ ಇಸವಿಯ ತುಂಡು ಅಂದುಕೊಳ್ಳಬೇಡ. 18ನೇ ಶತಮಾನದಲ್ಲಿ ಬ್ರಿಸ್ಟಲ್ಲಿನ ವಾಸ್ಬ್ರೋ ಅವರ ಹೆಸರು ಹೊತ್ತ ಹಿಡಿಗಳಲ್ಲಿ ಪಾತ್ರೆಯ ಅಳತೆಯನ್ನು ಸೂಚಿಸುವ ಅಂಕಿ ಇರುತ್ತದೆ. ಹಿಡಿಯ ಅಡಿಯಲ್ಲಿ ಹೊಟ್ಟೆಗೆ ಆಸರೆಯಾಗಿ ಬರುವ ಸಣ್ಣ ಕೊಂಡಿಯ ಬುಡ ಉಳಿದಿದೆಯೇ ಅಂತ ತಿರುಗಿಸಿ ನೋಡುವುದನ್ನು ಮರೆಯಬೇಡ.

ಬರೀ ಹೊಟ್ಟೆಯ ಚೂರು ಬಂದರೆ? ಅಲ್ಲೇ ಎಲ್ಲರೂ ಜಾರುವುದು. ಚರ್ಚಿನ ಗಂಟೆಯ ಚೂರೂ ಹಾಗೇ ಬಾಗಿರುತ್ತದೆ, ಹಸಿರಾಗಿರುತ್ತದೆ. ಗಂಟೆಯ ಕಂಚಿನಲ್ಲಿ ತವರ ಶೇ. 20ಕ್ಕೂ ಹೆಚ್ಚು, ಆದ್ದರಿಂದ ಒಡೆದ ಮುಖ ಬೆಳ್ಳಿ ಬೂದಿಬಣ್ಣಕ್ಕಿರುತ್ತದೆ, ಬಾಯಿಯ ಬಳಿ ದಪ್ಪ ತುಂಬ ಹೆಚ್ಚು, ಮಸಿಯಂತೂ ಇರುವುದಿಲ್ಲ. ಪಾತ್ರೆಗೆ ಅಷ್ಟು ತವರ ದುಬಾರಿ, ಸೀಸವನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಆಂಟಿಮನಿ, ಆರ್ಸೆನಿಕ್ ಕೂಡ ಬಂದು ಸೇರುತ್ತಿದ್ದವು. ಹೊರಮೈಯಲ್ಲಿ ಹೊಟ್ಟೆಯನ್ನು ಸುತ್ತಿದ ತೆಳು ಉಬ್ಬುಪಟ್ಟಿ, ಒಳಗೆ ನೀರು ಕುದಿದು ಕಟ್ಟಿದ ಬಿಳಿ ಪದರ ಸಿಕ್ಕರೆ ಪಾತ್ರೆಯ ಕಡೆಗೇ ತೂಕ ಹಾಕು. ಇದಲ್ಲದೆ ಸವೆದ ಕಾಲಿನ ತುಂಡನ್ನು ಕಂಚಿನ ಯುಗದ ಗಟ್ಟಿ ಅಂತಲೋ, ಎರಕದಲ್ಲಿ ಉಳಿದ ಕಸ ಅಂತಲೋ ಬರೆದ ಎಷ್ಟೋ ಚೀಟಿಗಳಿವೆ. ಬಾಗಿದ ಒಳಮೈಯನ್ನು ಹುಡುಕಿದ್ದರೆ ಎರಡು ಸಾವಿರ ವರ್ಷದ ಎಡವಟ್ಟು ತಪ್ಪುತ್ತಿತ್ತು. ಚೂರಿನ ಅಂಚು ಮಡಿಚಿದ್ದರೆ, ಏಟು ಬಿದ್ದ ಗುರುತಿದ್ದರೆ ಅದನ್ನೂ ಬರೆ. ಹಳೇ ಪಾತ್ರೆಯನ್ನು ಮೂಸೆಗೆ ಹಿಡಿಸುವಂತೆ ಬೇಕೆಂದೇ ಒಡೆದಿರಬಹುದು.

ಈಗ ಕಾಲದ ಮಾತು. ಎರಕದ ಈ ಮೂರು ಕಾಲಿನ ಪಾತ್ರೆಗಳು 13ನೇ ಶತಮಾನದ ಹೊತ್ತಿಗೆ ಬಳಕೆಗೆ ಬಂದು 18ರವರೆಗೂ ನಡೆದವು. ಯಾರ್ಕಿನ ಬೆಡರ್ನ್‌ನಲ್ಲಿ ಎರಕದ ಮನೆಯನ್ನೇ ಅಗೆದು ಅಚ್ಚಿನ ಚೂರುಗಳನ್ನು ತೆಗೆದಿದ್ದಾರೆ, ಅಂಥ ಕಡೆ ಮಣ್ಣಿನ ಪದರವೇ ಕಾಲ ಹೇಳುತ್ತದೆ. ಉಳುಮೆಯ ಮಣ್ಣಿನಲ್ಲಿ ಸಿಕ್ಕಿದ್ದಕ್ಕೆ ಆ ಆಸರೆ ಇಲ್ಲ. ಮೇಲಾಗಿ ಇವು ಉಯಿಲಿನಲ್ಲಿ ಬರೆದು ಮಕ್ಕಳಿಗೆ ಕೊಡುತ್ತಿದ್ದ ಆಸ್ತಿ, ಮಾಡಿದ ಕಾಲಕ್ಕೂ ಎಸೆದ ಕಾಲಕ್ಕೂ ತಲೆಮಾರುಗಳ ಅಂತರ. ಅಲಂಕಾರವಿಲ್ಲದ ಬೋಳು ಕಾಲಿಗೆ ಐದು ಶತಮಾನದ ಅವಧಿ ಕೊಡುವುದು ಸೋಮಾರಿತನವಾಗುವುದಿಲ್ಲ, ಅದೇ ಸರಿ.

ತಗಡಿನ ಪಾತ್ರೆಯ ತುಂಡು ಬಂದರೆ ಗೆರೆ, ಗಾಯ ಏನೂ ಇರುವುದಿಲ್ಲ. ತೆಳ್ಳಗೆ, ಸುತ್ತಿಗೆಯ ಏಟಿನ ಏರಿಳಿತ, ಅಂಚಿನಲ್ಲಿ ಕಬ್ಬಿಣದ ಕಂಬಿಯ ಮೇಲೆ ಸುತ್ತಿದ ಮಡಿಕೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯ ಅಡುಗೆಮನೆಯಲ್ಲಿ ಇಟ್ಟಿಗೆ ಒಲೆಗಳ ಮೇಲಿದ್ದ ಎರಡು ಭಾರಿ ಕೊಪ್ಪರಿಗೆಗಳು ಹೀಗೆ ತಗಡನ್ನು ರಿವೆಟ್ ಹೊಡೆದು ಕೂಡಿಸಿದವು. ಹೊಲದಲ್ಲಿ ನಿನಗೆ ಸಿಕ್ಕುವುದು ಹೆಚ್ಚಾಗಿ ತೇಪೆಗಳೇ. ತಗಡಿನ ಸಣ್ಣ ತುಂಡನ್ನು ಮಡಿಚಿ, ಸೀಳಿನೊಳಗೆ ತೂರಿಸಿ, ಎರಡು ತುದಿಯನ್ನೂ ಆಚೆ ಬದಿಗೆ ಚಪ್ಪಟೆ ಬಡಿದ ರಿವೆಟ್ ಕಂಡರೆ ಪಾತ್ರೆ ರಿಪೇರಿಯವನ ಕೈ ಅಂತ ತಿಳಿ. ಇಂಥ ಬಿಡಿ ರಿವೆಟ್ಟನ್ನು ಬಟ್ಟೆಯ ಕೊಕ್ಕೆ ಅಂತ ಬರೆಯುವುದುಂಟು. ಎರಡೂ ಬದಿಗೆ ಹರಡಿದ ಸೀಸದ ಬಿರಡೆ ಬಂದರೆ ಸಾಮಾನ್ಯವಾಗಿ ಅದು ಮಣ್ಣಿನ ಮಡಕೆಯ ರಿಪೇರಿ. ಸೀಸ 327 ಡಿಗ್ರಿಗೇ ಕರಗುತ್ತದೆ, ಒಲೆಯ ಮೇಲೆ ನಿಲ್ಲುವುದು ಕಷ್ಟ.

ಎರಕದ ಕಬ್ಬಿಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಹೊಯ್ಯುವುದಕ್ಕೆ 1707ರಲ್ಲಿ ಪೇಟೆಂಟ್ ಪಡೆದ, ಕೋಲ್‌ಬ್ರೂಕ್‌ಡೇಲಿನ ಅವನ ಕಾರ್ಖಾನೆಯಿಂದ ಅಗ್ಗದ ಪಾತ್ರೆಗಳು ಹೊರಟವು, ಕಂಚಿನ ಕಾಲ್ಡ್ರನ್ನಿಗೆ ಗಿರಾಕಿ ಕಡಿಮೆಯಾದರು. ಮೂರು ಕಾಲಿನ ಆಕಾರ ಮಾತ್ರ ಹಾಗೇ ಮುಂದುವರಿಯಿತು. ಆಯಸ್ಕಾಂತ ಹಿಡಿದು ನೋಡು, ಸಾಕು.

ತೊಳೆಯುವ ವಿಷಯದಲ್ಲಿ ನಾನು ಕಠಿಣಳು. ಕಿಲುಬು ಕೆರೆಯಬೇಡ, ಹೊಳಪು ನೋಡಲು ಅರ ಹಾಕಬೇಡ. ಮಸಿ ಹೋದರೆ ಅಡುಗೆಯ ಸಾಕ್ಷಿ ಹೋಯಿತು. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್ ಕಿರಣದಿಂದ ಲೋಹದಲ್ಲಿ ಏನೇನು ಬೆರೆತಿದೆ ಎಂದು ಅಳೆಯುವಂಥದ್ದು) ಹಿಡಿದು ಶೇಕಡಾ ಲೆಕ್ಕ ಬರೆಯುವ ಉತ್ಸಾಹವೂ ಬೇಡ. ಅದು ಮೇಲ್ಮೈಯನ್ನಷ್ಟೇ ಓದುತ್ತದೆ, ಕಿಲುಬಿನಲ್ಲಿ ಸೀಸ, ತವರ ಒಳಗಿಗಿಂತ ಹೆಚ್ಚು ತೋರಬಹುದು. ಯಂತ್ರ ಬಳಸಿದ್ದರೆ "ಶುಚಿ ಮಾಡದ ಮೇಲ್ಮೈ" ಎಂದು ಪಕ್ಕದಲ್ಲಿ ಬರೆ.

ತಂದವರೊಡನೆ ಮಾತಾಡುವಾಗ ತಾಳ್ಮೆಯಿರಲಿ. ಒಂದು ಕಾಲ್ಡ್ರನ್ ಕಾಲು ಸಾಮಾನ್ಯವಾಗಿ, ಸಿಕ್ಕ ನಿಧಿಯನ್ನು ತಿಳಿಸಲೇಬೇಕೆನ್ನುವ 1996ರ ನಿಧಿ ಕಾಯ್ದೆಯ ಕೆಳಗೆ ಬರುವುದಿಲ್ಲ, ಇಂಗ್ಲೆಂಡ್, ವೇಲ್ಸ್‌ನಲ್ಲಿ ಅವರು ತೋರಿಸುವುದು ಸ್ವಂತ ಇಚ್ಛೆಯಿಂದ. ಆದ್ದರಿಂದ "ಬರೀ ಪಾತ್ರೆ ಕಾಲು" ಅಂತ ಮುಖ ಸಿಂಡರಿಸಿದರೆ ಮುಂದಿನ ಸಲ ತರುವುದಿಲ್ಲ. ಸಿಕ್ಕ ಜಾಗವನ್ನು ನಕ್ಷೆಯ ಮೇಲೆ ಆದಷ್ಟು ನಿಖರವಾಗಿ ಕೇಳಿ ಬರೆದುಕೋ, ಒಂದೇ ಹೊಲದಿಂದ ಬೇರೆ ಚೂರು ಬಂದಿದೆಯೇ ಅಂತಲೂ ಕೇಳು. ಸ್ಕಾಟ್ಲೆಂಡಿನಲ್ಲಿ ಸಿಕ್ಕಿದ್ದಾದರೆ ಕಾನೂನೇ ಬೇರೆ: ಅಲ್ಲಿ ವಾರಸುದಾರರಿಲ್ಲದ ಹಳೇ ವಸ್ತು ರಾಜಸತ್ತೆಯ (ಕ್ರೌನ್) ಹಕ್ಕು, ತಿಳಿಸುವುದು ಕಡ್ಡಾಯ. ಅಂಥದ್ದನ್ನು ನಿನ್ನ ಪಟ್ಟಿಗೆ ಸೇರಿಸಿಕೊಳ್ಳದೆ ಅಲ್ಲಿನ ಟ್ರೆಷರ್ ಟ್ರೋವ್ (ಸಿಕ್ಕ ಹಳೇ ವಸ್ತುಗಳ) ಕಚೇರಿಗೆ ತಿಳಿಸುವಂತೆ ಹೇಳು.

ಇಂತಿ ನಿನ್ನ
ದೊಡ್ಡಮ್ಮ