ಗುಂಡಿಗೆ ವರ್ಷ ತುಂಬಿತು, ಅಕ್ಕನಿಗೆ ನಮಸ್ಕಾರ

ನಮ್ಮ ಅಪಾರ್ಟ್‌ಮೆಂಟಿನ ಗೊಬ್ಬರದ ಗುಂಡಿಗೆ ವರ್ಷ ತುಂಬಿತು. 36 ಮನೆ, ದಿನಕ್ಕೆ ಹೆಚ್ಚುಕಡಿಮೆ 18 ಕೆಜಿ ಹಸಿ ಕಸ. ಒಂದು ಹಿಡಿಯೂ ಗೇಟು ದಾಟಿಲ್ಲ. ಗುಂಡಿ ಕಟ್ಟಿದ ಮೇಸ್ತ್ರಿ, ತರಗೆಲೆ ಮೂಟೆ ಕಟ್ಟಿಕೊಟ್ಟ ಪಾರ್ಕಿನ ಮಾಲಿ, ಹುಳಿ ಮಜ್ಜಿಗೆ ಕಳಿಸಿದ ಮನೆಗಳು, ಬೈಸಿಕೊಂಡ ಕಮಿಟಿ, ಎಲ್ಲರಿಗೂ ವಂದನೆ.

ಉಳಿದದ್ದೆಲ್ಲ ಹೌಸ್‌ಕೀಪಿಂಗ್ ಅಕ್ಕನಿಗೆ.

ಆಗಸ್ಟಿನ ಆ ವಾಸನೆಯನ್ನು ಯಾರಿಗೂ ನೆನಪಿಸಬೇಕಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಅರ್ಧ ಗಂಟೆಗೆ ತೀರ್ಪೂ ಆಗಿತ್ತು: ಎರಡನೇ ಮಹಡಿಯ ಬಾಡಿಗೆ ಹುಡುಗರು, ಅವರ ಕೋಳಿ ಮೂಳೆ. ನಾನ್‌ವೆಜ್ ಮನೆಗಳಿಗೆ ಬೇರೆ ಬಕೆಟ್ ಇಡಿ ಅಂತ ಲಿಫ್ಟಿನ ಪಕ್ಕ ಚೀಟಿ ಅಂಟಿಸಿದ್ದೂ ಆಯಿತು.

ಅವತ್ತು ರಾತ್ರಿ ಸುರಿಯುವ ಮಳೆಯಲ್ಲಿ ಅಕ್ಕ ಒಂದು ಗಂಟೆಯವರೆಗೂ ನಿಂತು ಗುಂಡಿ ಬಗೆದರು. ಮೂಳೆಗಳು ನಡುವೆ, ಕೈಯಿಡಲಾಗದಷ್ಟು ಬಿಸಿಯಿರುವ ಜಾಗದಲ್ಲಿ, ಅವರೇ ನಾಲ್ಕು ಬೆರಳು ಎಲೆ ಮುಚ್ಚಿ ಹೂತಿಟ್ಟಂತೆಯೇ ಇದ್ದವು. ಒಂದನ್ನೆತ್ತಿ ಮೂಗಿಗೆ ಹಿಡಿದರು: ಮಣ್ಣಿನ ವಾಸನೆ. ನಾರುತ್ತಿದ್ದದ್ದು ಮೇಲಿನ ಪದರ. ಸೋಸದೆ ಸುರಿದ ಹುಳಿ, ಸಾರು, ಮೊಸರನ್ನ. ನೀರು ಸಂದಿಗಳಲ್ಲಿ ನಿಂತರೆ ಗಾಳಿಯಾಡುವುದಿಲ್ಲ; ಗಾಳಿಯಿಲ್ಲದಿದ್ದರೆ ಗೊಬ್ಬರವಾಗುವ ಬದಲು ಕೊಳೆಯುತ್ತದೆ. ಸಾಲದ್ದಕ್ಕೆ ಎಲೆ ಮೂಟೆಗಳು ನೆಲದ ಮೇಲೇ ತೊಯ್ದಿದ್ದವು. ಯಾವ ಬಕೆಟ್ ಯಾವ ಮನೆಯದು ಅಂತ ಅಕ್ಕನಿಗೆ ಗೊತ್ತು. ಹೇಳಲಿಲ್ಲ.

ಗುಂಪಿನಲ್ಲಿ ಅಂದು ಬರೆದದ್ದನ್ನು ಈಗ ಓದಿದರೆ ತಲೆ ಎತ್ತಲಾಗುವುದಿಲ್ಲ. ಆ ಹುಡುಗರೂ ಅದೇ ಗುಂಪಿನಲ್ಲಿದ್ದರು, ಎಲ್ಲವನ್ನೂ ಓದಿದ್ದರು. ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ಮರುದಿನ ಬೆಳಗ್ಗೆಯಿಂದ ಅಕ್ಕನ ಲೆಕ್ಕವೇ ನಮ್ಮ ಲೆಕ್ಕ. ಸಾರು ಸೋಸಿ, ನೀರು ಸಿಂಕಿಗೆ, ಗಟ್ಟಿ ಮಾತ್ರ ಬಕೆಟ್‌ಗೆ. ಒಂದು ಬಕೆಟ್ ಹಸಿ ಕಸಕ್ಕೆ ಒಂದು ಬಕೆಟ್ ಒಣ ಎಲೆ. ಎಲೆ ಸಿಗದ ದಿನ ಹರಿದ ರಟ್ಟು ಇಲ್ಲವೇ ತೆಂಗಿನ ನಾರಿನ ಪುಡಿ. ಮೂಟೆಗಳು ಸೂರಿನಡಿ, ಇಟ್ಟಿಗೆ ಮೇಲೆ. ಮೂರು ದಿನಕ್ಕೊಮ್ಮೆ ಕೆದಕಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಎರಡು ಮೂರು ಹನಿ ಬಂದರೆ ಹದ, ಧಾರೆ ಬಂದರೆ ಇನ್ನಷ್ಟು ಎಲೆ, ಪುಡಿಪುಡಿ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ಹುಳ ಕಂಡರೆ ಕಿರುಚಬೇಡಿ, ಎಲೆ ಹಾಕಿ ಮುಚ್ಚಿ.

ಚೀಟಿ ಕಿತ್ತಿದ್ದೇವೆ. ಗೋಂದಿನ ಗುರುತು ಇನ್ನೂ ಇದೆ.

ಭಾನುವಾರ ಜರಡಿ ಹಿಡಿಯುತ್ತೇವೆ. ಮೊದಲ ಐದು ಕೆಜಿ ಅಕ್ಕನ ಕನಕಾಂಬರಕ್ಕೆ. ಎರಡನೇ ಮಹಡಿಯವರು ಬಾಲ್ಕನಿಯ ಕರಿಬೇವಿಗೆ ಒಂದು ಚೀಲ ಕೇಳಿದ್ದಾರೆ, ತೆಗೆದಿಡುತ್ತೇವೆ.